ತೋಳಿಗೆ ಕಟ್ಟಿದ ಬಿಸಿಲು

ಬಾಗಲಕೋಟೆ ಜಿಲ್ಲೆಗೆ ಯಾವುದರ ಬರ ಬಂದರೂ ಬಿಸಿಲಿನ ಬರ ಬರುವುದಿಲ್ಲ ಎಂದು ಹಿಂದಿನವರು ನಗುತ್ತಿದ್ದರು. ಕೊನೆಗೆ ಅದೂ ಬಂತು. ಬಿಸಿಲು ಮನುಷ್ಯರನ್ನು ನಿಂತಲ್ಲೇ ಕೆಡವತೊಡಗಿದ ಮೇಲೆ ಸರಕಾರ ಬಿಸಿಲಿಗೇ ನಿಷೇಧಾಜ್ಞೆ ಹೊರಡಿಸಿತು. ಬೆಳಿಗ್ಗೆ ಒಂಬತ್ತಕ್ಕೆ ಸೈರನ್ ಕೂಗಿದರೆ ಸಂಜೆ ಐದಕ್ಕೆ ಮತ್ತೆ ಕೂಗುವವರೆಗೆ ಬೀದಿಯಲ್ಲಿ ನರಪಿಳ್ಳೆ ಕಾಣಿಸಕೂಡದು. ಸಂತೆ ನಸುಕಿಗೆ ಸರಿಯಿತು, ಶಾಲೆಗಳು ನೆಲಮಾಳಿಗೆಗೆ ಇಳಿದವು, ಬೀಗರು ಬಂದರೆ ದಿನವಿಡೀ ಇದ್ದೇ ಹೋಗಬೇಕಾಯಿತು. ಜನ ಹೊಂದಿಕೊಂಡರು. ಹೊಂದಿಕೊಳ್ಳುವುದನ್ನು ನಮ್ಮ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಮೈ ಹೊಂದಿಕೊಳ್ಳಲಿಲ್ಲ.

ಚರ್ಮಕ್ಕೆ ಬಿಸಿಲು ತಾಗಿದರೆ ಮೈ ತನಗೆ ಬೇಕಾದ ಡಿ ವಿಟಮಿನ್ನನ್ನು ತಾನೇ ಮಾಡಿಕೊಳ್ಳುತ್ತದೆ, ತಾಗದಿದ್ದರೆ ಇಲ್ಲ. ಅದು ಎಲುಬಿಗೆ ಸಂಬಂಧಿಸಿದ ಸಮಾಚಾರ ಎಂದಷ್ಟೇ ಬಹಳ ಕಾಲ ನಂಬಿದ್ದರು. ಆದರೆ ಸಕ್ಕರೆ ಕಾಯಿಲೆಯವರಲ್ಲಿ ಯಾರ ರಕ್ತದಲ್ಲಿ ಡಿ ಕಡಿಮೆಯೋ ಅವರ ಹೃದಯವೇ ಹೆಚ್ಚಾಗಿ ಸೋಲುತ್ತಿತ್ತು. ಹಾಗಾದರೆ ಡಿ ಮಾತ್ರೆ ನುಂಗಿಸಿದರೆ ಹೃದಯ ಉಳಿದೀತೆ? ಈ ಪ್ರಶ್ನೆಗೆ ವಿಜ್ಞಾನಿಗಳು ವರ್ಷಗಟ್ಟಲೆ ಬಡಿದಾಡಿದ್ದರು. ಮಾತ್ರೆಯಿಂದ ರಕ್ತದ ಅಂಕಿ ಏರುತ್ತಿತ್ತು. ಹೃದಯಾಘಾತದ ಲೆಕ್ಕ ಮಾತ್ರ ಹೌದೆಂದೂ ಹೇಳುತ್ತಿರಲಿಲ್ಲ, ಅಲ್ಲವೆಂದೂ ಹೇಳುತ್ತಿರಲಿಲ್ಲ.

ಮಾತ್ರೆ ಯಾಕೆ, ಬಿಸಿಲನ್ನೇ ತೋಳಿಗೆ ಕಟ್ಟಿದರೆ ಹೇಗೆ ಎಂದು ಕೇಳಿದವಳು ಡಾ. ಮುಕ್ತಾ. ಅವಳು ಗುಳೇದಗುಡ್ಡದ ನೇಕಾರರ ಮನೆಯ ಹುಡುಗಿ. ಕುಪ್ಪಸದ ಖಣ ನೇಯುವವರು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಮಗ್ಗದ ಮುಂದೆ ಕೂಡುತ್ತಾರೆ. ಸೈರನ್ನು ಬರುವ ಮೊದಲೇ ಅವರಿಗೆ ಬಿಸಿಲು ಅಷ್ಟಕ್ಕಷ್ಟೇ. ಮುಕ್ತಾಳ ತಾಯಿ ಹಾಗೆ ಕೂತಲ್ಲೇ ಹೋದಳು. ಎದೆ ನೋಯಲಿಲ್ಲ, ಏಕೆಂದರೆ ಸಕ್ಕರೆ ಕಾಯಿಲೆ ನೋವು ತಿಳಿಸುವ ನರಗಳನ್ನು ಮೊದಲೇ ಕೊಂದಿರುತ್ತದೆ. ಆಮೇಲೆ ಹುಡುಗಿಯನ್ನು ಸಾಕಿ ಓದಿಸಿದ್ದು ಚಿಗವ್ವ ದಾನವ್ವ, ತಾಯಿಯ ತಂಗಿ. ಈಗ ಚಿಗವ್ವನಿಗೂ ಅದೇ ಸಕ್ಕರೆ, ಅದೇ ಕುಣಿ.

ಮುಕ್ತಾ ಮಾಡಿದ ತೋಳಪಟ್ಟಿಯಲ್ಲಿ ಎರಡು ಬಿಲ್ಲೆಗಳಿದ್ದವು. ಒಂದು ನಾಡಿಯ ಬಿಲ್ಲೆ. ಅದು ಹೃದಯದ ಬಡಿತವನ್ನೂ ರಕ್ತನಾಳ ಎಷ್ಟು ಬಿರುಸಾಗಿದೆ ಎಂಬುದನ್ನೂ ಹಗಲಿರುಳು ಅಳೆದು ಬಾಗಲಕೋಟೆಯ ಸಂಶೋಧನಾ ಕೇಂದ್ರಕ್ಕೆ ಕಳಿಸುತ್ತಿತ್ತು. ಇನ್ನೊಂದು ದೀಪದ ಬಿಲ್ಲೆ. ಬಿಸಿಲಿನಲ್ಲಿ ಡಿ ಹುಟ್ಟಿಸುವ ಕಣ್ಣಿಗೆ ಕಾಣದ ಕಿರಣ ಯಾವುದಿದೆಯೋ ಅದನ್ನಷ್ಟೇ ಅದು ತೋಳಿಗೆ ಸ್ವಲ್ಪಸ್ವಲ್ಪವಾಗಿ ಉಣಿಸುತ್ತಿತ್ತು. ಪರೀಕ್ಷೆಗೆ ಒಪ್ಪಿದ ಸಕ್ಕರೆ ಕಾಯಿಲೆಯವರಲ್ಲಿ ಅರ್ಧ ಜನಕ್ಕೆ ನಿಜದ ದೀಪ, ಉಳಿದರ್ಧಕ್ಕೆ ಬರೀ ಬೆಚ್ಚಗಾಗುವ ಹುಸಿ ದೀಪ. ಯಾರಿಗೆ ಯಾವುದು ಎಂಬ ಗುಟ್ಟು ಕೇಂದ್ರದ ಯಂತ್ರಕ್ಕೆ ಮಾತ್ರ ಗೊತ್ತು, ಕೊಟ್ಟವರಿಗೂ ಗೊತ್ತಿಲ್ಲ, ಕಟ್ಟಿಕೊಂಡವರಿಗೂ ಗೊತ್ತಿಲ್ಲ. ರಕ್ತದಲ್ಲಿ ಡಿ ಎಷ್ಟಿದೆ ಎಂಬ ಅಂಕಿಯನ್ನೂ ಪರೀಕ್ಷೆ ಮುಗಿಯುವವರೆಗೆ ಯಂತ್ರ ಬಚ್ಚಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಮನುಷ್ಯರು ತಮಗೆ ಬೇಕಾದವರ ಕಡೆ ವಾಲುತ್ತಾರೆ ಎಂದು ಈ ನಿಯಮ ಬರೆದವಳು ಮುಕ್ತಾಳೇ.

ಪರೀಕ್ಷೆ ಆರಂಭವಾಗಿ ಅರ್ಧ ವರ್ಷವಾಗಿದ್ದಾಗ ಒಂದು ಭಾನುವಾರ ಅವಳು ನಸುಕಿನ ಬಸ್ಸಿಗೆ ಊರಿಗೆ ಬಂದಳು. ಆ ವಾರ ಕೇಂದ್ರದ ಗೋಡೆಯಗಲದ ತೆರೆಯ ಮೇಲೆ ಚಿಗವ್ವನ ನಾಡಿಯ ಬಿಲ್ಲೆ ಬರೆಯುವ ಗೆರೆ ನೋಡಿದ್ದಳು. ರಕ್ತನಾಳ ದಿನದಿನಕ್ಕೆ ಬಿರುಸಾಗುತ್ತಿತ್ತು. ತಾಯಿಯ ಗೆರೆಯನ್ನು ಯಾರೂ ಬರೆದಿಟ್ಟಿರಲಿಲ್ಲ, ಬರೆದಿದ್ದರೆ ಹೀಗೇ ಇರುತ್ತಿತ್ತು ಎಂದು ಅವಳಿಗೆ ಅನ್ನಿಸಿತ್ತು.

"ಬಾರವ್ವಾ, ಸೈರನ್ ಕೂಗೂದ್ರೊಳಗ ಬಂದಿ, ಛಲೋ ಆತು," ಎಂದು ದಾನವ್ವ ಬಾಗಿಲಲ್ಲೇ ಕೈಹಿಡಿದು ಒಳಗೆ ಕರೆದಳು. ಆಗಷ್ಟೇ ಮಿಂದಿದ್ದಳು. ಮುಖ, ಕೈ, ಕಾಲು ಎಲ್ಲ ಅರಿಶಿನ. ತೋಳಿನ ಪಟ್ಟಿಯ ಅಂಚಿನಲ್ಲೂ ಹಳದಿ ಇಣುಕುತ್ತಿತ್ತು. ಹೊಸದೇನು ಬಂದರೂ ಅರಿಶಿನ ಕುಂಕುಮ ಏರಿಸದೆ ಅವಳು ಬಳಸಿದವಳಲ್ಲ. ಫ್ರಿಜ್ಜಿಗೂ ಏರಿಸಿದ್ದಳು, ಚಿಗಪ್ಪನ ಹೊಸ ಕನ್ನಡಕಕ್ಕೂ ಏರಿಸಿದ್ದಳು.

ದಾನವ್ವನ ಮಗ್ಗದ ಕೋಣೆಗೂ ಪಕ್ಕದ ಮನೆಯ ಅಂಬವ್ವನ ಮಗ್ಗದ ಕೋಣೆಗೂ ನಡುವೆ ಒಂದೇ ಗೋಡೆ. ಗೋಡೆಯಲ್ಲೊಂದು ಕಿಂಡಿ. ಇಬ್ಬರೂ ಕುಣಿಯಿಂದ ಏಳದೆಯೇ ಕಿಂಡಿಯಲ್ಲಿ ಕೈ ತೂರಿಸಿ ಚಹಾ, ನೂಲು, ಊರ ಸುದ್ದಿ ಎಲ್ಲವನ್ನೂ ದಾಟಿಸುತ್ತಿದ್ದರು. ಅಂಬವ್ವನ ಗಂಡ ತೀರಿ ಬಹಳ ವರ್ಷವಾಗಿತ್ತು. ಒಬ್ಬ ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದಳು. ಮಗ್ಗವೇ ಅವಳ ಅನ್ನ. ಖಣ ನೇಯುವವಳು ಅವಳು, ಅದನ್ನು ಉಡಿಯಲ್ಲಿ ತುಂಬಿಸಿಕೊಳ್ಳುವವರು ಗಂಡ ಇದ್ದವರು. ಅವಳಿಗೂ ಸಕ್ಕರೆ, ಅವಳ ತೋಳಿಗೂ ಪಟ್ಟಿ.

ಮುಕ್ತಾ ಬಂದಳೆಂದು ಅಂಬವ್ವನೂ ಬಂದು ಕೂತಳು. "ನೋಡ ಮುಕ್ತಾ, ನಿನ್ನ ಪಟ್ಟಿ ಕಟ್ಟಿದಾಗಿಂದ ಮೈಯಾಗ ಹುರುಪು ಬಂದೈತಿ. ನಿಮ್ಮ ಚಿಗವ್ವಗ ಹೇಳಿದ್ರ ನಂಬಂಗಿಲ್ಲ."

"ನನಗ್ಯಾಕ ಬಂದಿಲ್ಲ ಹಂಗಾದ್ರ?" ಎಂದಳು ದಾನವ್ವ.

"ನಿನಗ ಬಂದಿದ್ದ ಹುರುಪೆಲ್ಲಾ ನಿನ್ನ ಗಂಡನ ಕೂಡ ಜಗಳಾಡೂದ್ರಾಗ ಖರ್ಚಾತು."

ಮೂವರೂ ನಕ್ಕರು. ಬಿಲ್ಲೆಗಳಿಗೆ ನೂಲಿನ ದೂಳು ಕೂತಿತ್ತು. ಒರೆಸಿ ಕೊಡುತ್ತೇನೆಂದು ಮುಕ್ತಾ ಇಬ್ಬರ ಪಟ್ಟಿಯನ್ನೂ ಬಿಚ್ಚಿ ಮಗ್ಗದ ಪಕ್ಕದ ಬಿಳಿ ನೂಲಿನ ಲಡಿಗಳ ಮೇಲೆ ಇಟ್ಟಳು. ಹೆಂಗಸರಿಬ್ಬರೂ ಚಹಾ ಮಾಡಲು ಒಳಗೆ ಹೋದರು. ತೋಳಿನಿಂದ ಬಿಚ್ಚಿದ ಮೇಲೂ ದೀಪ ಒಂದೆರಡು ಕ್ಷಣ ಉರಿದು ಆರುತ್ತದೆ. ಆ ಮಬ್ಬುಗತ್ತಲೆಯಲ್ಲಿ ಅಂಬವ್ವನ ಪಟ್ಟಿಯ ಕೆಳಗಿನ ನೂಲು ನೀಲಿಬಿಳಿಯಾಗಿ ಹೊಳೆಯಿತು. ಚಿಗವ್ವನ ಪಟ್ಟಿಯ ಕೆಳಗಿನ ನೂಲು ಹೊಳೆಯಲಿಲ್ಲ.

ನೂಲಿಗೆ ಬಿಳುಪು ಬರಲು ಹಾಕುವ ಔಷಧ ಕಾಣದ ಕಿರಣ ಬಿದ್ದರೆ ಹೀಗೆ ಹೊಳೆಯುತ್ತದೆ. ಮುಕ್ತಾಳಿಗೆ ಅದು ಅಂಗೈ ಹುಣ್ಣು, ಕನ್ನಡಿ ಬೇಕಿರಲಿಲ್ಲ. ಅಂಬವ್ವನದು ನಿಜದ ದೀಪ, ಚಿಗವ್ವನದು ಹುಸಿ.

ತಿಳಿಯಬಾರದ್ದು ತಿಳಿದುಬಿಟ್ಟರೆ ಕೂಡಲೇ ಕೇಂದ್ರಕ್ಕೆ ತಿಳಿಸಬೇಕು, ಆ ಇಬ್ಬರನ್ನು ಬೇರೆಯವರ ಕೈಗೆ ಒಪ್ಪಿಸಬೇಕು. ಆ ನಿಯಮವನ್ನೂ ಅವಳೇ ಬರೆದಿದ್ದಳು. ಒಳಗಿನಿಂದ ಚಿಗವ್ವ ಏದುಸಿರು ಬಿಡುತ್ತ ಏನೋ ಹೇಳಿ ನಗುವುದು ಕೇಳಿಸಿತು. ಅಡುಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಆ ಏದುಸಿರು. ದೀಪದ ಬಿಲ್ಲೆ ಒಂದು ಗುಂಡಿ ಒತ್ತಿದರೆ ಕಳಚಿಕೊಳ್ಳುತ್ತಿತ್ತು. ಬಿಲ್ಲೆಯ ಮೇಲೆ ಗುರುತೂ ಇರಲಿಲ್ಲ, ಗುರುತಿದ್ದರೆ ಗುಟ್ಟು ಬಯಲಾದೀತೆಂದು ತೆಗೆಸಿದ್ದವಳೂ ಅವಳೇ. ಚಹಾ ಕುದಿಯುವುದಕ್ಕೆ ಮೊದಲೇ ಎರಡು ದೀಪಗಳೂ ಜಾಗ ಬದಲಿಸಿದ್ದವು. ನಾಡಿಯ ಬಿಲ್ಲೆಗಳು ಎಲ್ಲಿದ್ದವೋ ಅಲ್ಲೇ ಇದ್ದುದರಿಂದ ಯಂತ್ರಕ್ಕೆ ಏನೂ ತಿಳಿಯಲಿಲ್ಲ.

ಅಂಬವ್ವ ತೋಳು ಚಾಚಿದಳು. ಬೋಳು ತೋಳು, ಬಳೆಯಿಲ್ಲ, ಅರಿಶಿನವಿಲ್ಲ. ಮುಕ್ತಾ ಅವಳ ಮುಖ ನೋಡದೆ ಪಟ್ಟಿ ಕಟ್ಟಿದಳು.

"ಬಿಗಿ ಆತೇನತ್ತಿ?"

"ಏ, ನಿನ್ನ ಕೈ ನನಗ ಎಂದರ ಬಿಗಿ ಆಗೂದುಂಟೇನು?" ಎಂದಳು ಅಂಬವ್ವ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಬೇಲಿಗೆ ಅದು ಜೀರ್ಣವಾಗಲಿಲ್ಲ ಎಂಬುದಷ್ಟೇ ಅದರ ಪರವಾಗಿ ಹೇಳಬಹುದಾದ ಮಾತು. ಕೇಂದ್ರದಲ್ಲಿ ಗೋಡೆ ತುಂಬ ಹೃದಯಗಳ ಗೆರೆಗಳು ಓಡುತ್ತಿದ್ದವು, ಹೆಸರಿಲ್ಲ, ಬರೀ ಸಂಖ್ಯೆ. ಮೊದಲು ಮುಕ್ತಾಳ ಕಣ್ಣು ಇಡೀ ಗೋಡೆಯನ್ನು ಓದುತ್ತಿತ್ತು. ಈಗ ಇನ್ನೂರ ಹನ್ನೆರಡನ್ನು ಬಿಟ್ಟು ಉಳಿದದ್ದನ್ನು ಓದುತ್ತಿತ್ತು. ಆ ಸಂಖ್ಯೆ ಅಂಬವ್ವನದು. ಮುಂದಿನ ಭಾನುವಾರ ಹೋಗಿ ತಿರುಗಿ ಬದಲಿಸಿಬಿಡುತ್ತೇನೆ ಎಂದು ಪ್ರತಿ ಸೋಮವಾರ ನಿಶ್ಚಯಿಸುತ್ತಿದ್ದಳು. ಭಾನುವಾರ ಚಿಗವ್ವ ರೊಟ್ಟಿ ಬಡಿಯುತ್ತ ನಡುವೆ ನಿಂತು ಉಸಿರು ಎಳೆದುಕೊಳ್ಳುವುದನ್ನು ಕಂಡು ಸುಮ್ಮನೆ ವಾಪಸ್ಸಾಗುತ್ತಿದ್ದಳು. ಒಬ್ಬಳಿಂದ ಕಸಿದದ್ದು ಗೊತ್ತಿತ್ತು, ಇನ್ನೊಬ್ಬಳಿಂದ ಕಸಿಯುವ ಧೈರ್ಯ ಬರಲಿಲ್ಲ. ಅವಳು ಸೊರಗಿದಳು. ಸಹೋದ್ಯೋಗಿಗಳು ಕೆಲಸದ ಭಾರ ಅಂದುಕೊಂಡು ಅವಳನ್ನು ಇನ್ನಷ್ಟು ಗೌರವಿಸಿದರು.

ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ ಗೋಡೆಯ ಮೇಲೆ ಕೆಂಪು ಮಿಂಚಿತು. ಸಂಖ್ಯಾಶಾಸ್ತ್ರದ ಫರ್ಜಾನಾ ನದಾಫ ಕೂಗಿದಳು: "ಮೇಡಂ, ಇನ್ನೂರಾ ಹನ್ನೆರಡು!"

ಮುಕ್ತಾ ಗೋಡೆಯ ಕಡೆ ತಿರುಗುವ ಮೊದಲೇ ಅಂಬುಲೆನ್ಸು ಹೊರಟಿತ್ತು. ನಾಡಿಯ ಬಿಲ್ಲೆ ತಾನೇ ಕರೆ ಕಳಿಸಿತ್ತು. ಅಂಬವ್ವನಿಗೆ ಎದೆ ನೋಯಲೇ ಇಲ್ಲ. ಮೈಯೆಲ್ಲ ಬೆವರಿತು, ಸಕ್ಕರೆ ಇಳಿದಿರಬೇಕೆಂದು ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ಮತ್ತೆ ಲಾಳಿ ಎಸೆದಳು. ಖಾಲಿ ಬೀದಿಯಲ್ಲಿ ಅಂಬುಲೆನ್ಸಿನ ಸದ್ದು ಕೇಳಿದಾಗ ಯಾರಿಗೆ ಏನಾಯಿತೋ ಪಾಪ ಎಂದುಕೊಂಡಳಂತೆ.

ಜೀವ ಉಳಿಯಿತು. ಆದರೆ ಹೃದಯದ ಒಂದು ಪಾಲು ಸತ್ತಿತ್ತು. ಕುಣಿಗೆ ಇಳಿಯುವುದು, ಏರುವುದು, ಕಾಲಲ್ಲಿ ಹಲಗೆ ತುಳಿಯುವುದು ಇನ್ನು ಸಾಧ್ಯವಿಲ್ಲ ಎಂದರು ವೈದ್ಯರು. ಮಗ್ಗದ ಮೇಲೆ ಅರ್ಧ ನೇಯ್ದ ಖಣ ಹಾಗೇ ಉಳಿಯಿತು. ಅದರ ಮೇಲೆ ಹಳೆಯ ಸೀರೆಯೊಂದನ್ನು ಹೊದಿಸಿ ಅಂಬವ್ವ ಗೋಡೆಗೆ ಬೆನ್ನು ಕೊಟ್ಟು ಕೂತಳು. ಊಟ ಕಿಂಡಿಯಿಂದ ಬರತೊಡಗಿತು.

ಮುಕ್ತಾ ನೋಡಲು ಹೋದಾಗ ಅಂಬವ್ವ ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನಿನ್ನ ಪಟ್ಟಿ ಇಲ್ಲಾಂದಿದ್ರ ಅವತ್ತ ಹೆಣಾ ಆಗಿರ್ತಿದ್ದೆ ಮಗಳ. ಹಡದವ್ವ ಮಾಡಲಿಲ್ಲ ನೀ ಮಾಡಿದ್ದು."

ಮುಕ್ತಾ ಕೈ ಬಿಡಿಸಿಕೊಳ್ಳಲು ನೋಡಿದಳು. ಮುದುಕಿ ಬಿಡಲಿಲ್ಲ. ಆ ಹೊತ್ತಿಗೆ ಹೇಳಿಬಿಡಬೇಕೆಂದು ಬಾಯಿ ತೆರೆದಳು, ಬಂದದ್ದು "ಔಷಧ ಸರಿಯಾಗಿ ತಗೋ ಅತ್ತಿ" ಎಂಬ ಮಾತು. ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ತನ್ನ ಕೈಗಳನ್ನು ಸೀರೆಯ ಸೆರಗಿನಲ್ಲಿ ಒರೆಸಿಕೊಂಡಳು, ಮತ್ತೆ ಮತ್ತೆ ಒರೆಸಿಕೊಂಡಳು. ಕೈ ಒದ್ದೆಯಾಗೇನೂ ಇರಲಿಲ್ಲ.

ಅಂದಿನಿಂದ ಅವಳೊಳಗೆ ಒಂದು ವಿಚಿತ್ರ ಹರಕೆ ಹುಟ್ಟಿತು. ಪಟ್ಟಿ ಹೃದಯವನ್ನು ಕಾಯುತ್ತದೆ ಎಂದು ಸಿದ್ಧವಾದರೆ ಅಂಬವ್ವನ ಹೃದಯ ಕೆಡಿಸಿದವಳು ಅವಳು. ಪಟ್ಟಿ ಕೆಲಸಕ್ಕೆ ಬಾರದ್ದು ಎಂದು ಸಿದ್ಧವಾದರೆ ಅವಳು ಕಸಿದದ್ದು ಒಂದು ಬಿಸಿ ಬಿಲ್ಲೆಯನ್ನು, ಅಷ್ಟೆ. ಹತ್ತು ವರ್ಷ ಜೀವ ತೇಯ್ದು ಮಾಡಿದ್ದು ಸುಳ್ಳಾಗಲಿ ಎಂದು ಮಾಡಿದವಳೇ ಬೇಡಿಕೊಳ್ಳತೊಡಗಿದಳು. ಯಾವ ದೇವರೂ ಇಂಥ ಹರಕೆ ಕೇಳಿರಲಾರ.

ಪರೀಕ್ಷೆ ಮುಗಿದು ಯಂತ್ರ ಗುಟ್ಟು ಬಿಡುವ ದಿನ ಬಂತು. ಕಿಟಕಿಗಳಿಗೆಲ್ಲ ದಪ್ಪ ಪರದೆ ಇಳಿಬಿಟ್ಟ ಕೋಣೆಯಲ್ಲಿ ಮುಕ್ತಾ ಮತ್ತು ಫರ್ಜಾನಾ ಇಬ್ಬರೇ ಇದ್ದರು. ಗೋಡೆಯ ಗೆರೆಗಳೆಲ್ಲ ಎರಡು ಬಣ್ಣಗಳಾಗಿ ಒಡೆದವು. ಫರ್ಜಾನಾ ಲೆಕ್ಕ ಹಾಕಿದಳು, ಮತ್ತೊಮ್ಮೆ ಹಾಕಿದಳು, ಕನ್ನಡಕ ತೆಗೆದಿಟ್ಟಳು.

"ಫರಕಿಲ್ಲ ಮೇಡಂ. ನಿಜದ ದೀಪ, ಹುಸಿ ದೀಪ, ಎರಡೂ ಒಂದ."

ಮುಕ್ತಾ ನಕ್ಕುಬಿಟ್ಟಳು. ಒಳಗೆ ಕಟ್ಟಿದ್ದ ಗಂಟೊಂದು ಬಿಚ್ಚಿದ ನಗು ಅದು, ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬಂತು. ಫರ್ಜಾನಾ ಅವಳನ್ನೇ ನೋಡುತ್ತಿದ್ದಳು.

"ಯಾಕ ಮೇಡಂ, ಆರಾಮ ಇದ್ದೀರಿಲ್ರೀ?"

"ಇದ್ದೀನಿ. ಮುಗೀತಲ್ಲ ಅಂತ."

"ಮುಗದಿಲ್ರೀ," ಎಂದಳು ಫರ್ಜಾನಾ. "ಎಲ್ಲೋ ಏನೋ ತಪ್ಪಾಗೇತಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮುಕ್ತಾ ಕುರ್ಚಿಯ ಹಿಡಿಕೆ ಹಿಡಿದುಕೊಂಡಳು. ಫರ್ಜಾನಾಳ ಮನಸ್ಸು ಅಂಕಿಗಳಲ್ಲಿತ್ತು. ಅವಳು ಗೆರೆಗಳನ್ನು ಬೇರೆ ಬೇರೆ ಗುಂಪು ಮಾಡಿ ಗೋಡೆಗೆ ಎಸೆಯುತ್ತಿದ್ದಳು.

"ಇಲ್ನೋಡ್ರಿ, ಗಂಡಸರು. ನಿಜದ ದೀಪ ಇದ್ದವರ ರಕ್ತದಾಗ ಡಿ ಏರೇತಿ, ರಕ್ತನಾಳ ಮೆತ್ತಗಾಗ್ಯಾವ, ಹೃದಯಾಘಾತನೂ ಕಡಿಮಿ. ಅಂದ್ರ ದೀಪ ಕೆಲಸ ಮಾಡೇತಿ. ಹೆಂಗಸರಿಗೆ ಬಂದ್ರ ಏನೂ ಇಲ್ಲ, ಡಿನ ಏರಿಲ್ಲ. ಎಲ್ಲಾರದೂ ಸೇರಿಸಿದ್ರ ಫರಕಿಲ್ಲ ಅಂತ ಬರ್ತೈತಿ. ಆದ್ರ ಹೆಂಗಸರಾಗೂ ನಮ್ಮ ಮಂದಿ ಹೆಂಗಸರದು ಏರೇತಿ. ಮತ್ತ ನೋಡ್ರಿ, ಇದು ಇನ್ನೂ ವಿಚಿತ್ರ. ನಿಮ್ಮ ಮಂದ್ಯಾಗೂ ಗಂಡ ಸತ್ತವರದು ಏರೇತಿ. ಗಂಡ ಇದ್ದವರದು ಏರಿಲ್ಲ." ಅವಳು ಎರಡೂ ಕೈ ಚೆಲ್ಲಿದಳು. "ಯಾರ ಗಂಡ ಅದಾನ, ಯಾರ ಗಂಡ ಇಲ್ಲ ಅಂತ ಆ ದೀಪಕ್ಕ ಹೆಂಗ ಗೊತ್ತಾತ್ರೀ?"

ಮುಕ್ತಾಳ ಕಣ್ಣ ಮುಂದೆ ಪಟ್ಟಿಯ ಅಂಚಿನಲ್ಲಿ ಇಣುಕಿದ ಹಳದಿ ಬಂದು ನಿಂತಿತು.

"ಅರಿಶಿನ," ಎಂದಳು.

"ಏನ್ರೀ?"

"ಗಂಡ ಇದ್ದವರು ದಿನಾ ಮಿಂದು ಅರಿಶಿನ ಹಚ್ಚಿಗೋತಾರ. ಪಟ್ಟಿ ಕಟ್ಟೂಮುಂದ ತೋಳಿಗೂ ಹಚ್ಚ್ಯಾರ, ದಪ್ಪಗ. ಅರಿಶಿನ ಆ ಕಿರಣ ಕುಡೀತೈತಿ. ಚರ್ಮಕ್ಕ ಇಳೀಗೊಡಂಗಿಲ್ಲ." ಅವಳ ದನಿ ಅವಳಿಗೇ ದೂರದಿಂದ ಕೇಳಿಸುತ್ತಿತ್ತು.

"ಹಚ್ಚಬ್ಯಾಡ್ರಿ ಅಂತ ಯಾರೂ ಹೇಳಲಿಲ್ಲೇನು?"

"ಎಣ್ಣಿ, ಕ್ರೀಮು, ಪೌಡರು ಹಚ್ಚಬ್ಯಾಡ್ರಿ ಅಂತ ಬರದಿದ್ದೆ. ಅವರಿಗೆ ಅರಿಶಿನ ಪೌಡರಲ್ಲ. ಪಟ್ಟಿ ಕೊಡಾಕ ಹೋದ ಹುಡಿಗ್ಯಾರೂ ಸುಮ್ಮನಿದ್ದಿರಬೇಕು. ಮುತ್ತೈದಿಗೆ ಅರಿಶಿನ ಹಚ್ಚಬ್ಯಾಡ ಅನ್ನೂ ಬಾಯಿ ಯಾರಿಗೈತಿ? ನಾನರ ಹೇಳ್ತಿದ್ನೇನು?"

ಫರ್ಜಾನಾ ಕುಣಿದುಬಿಟ್ಟಳು. ಪಟ್ಟಿ ಸೋತಿಲ್ಲ, ಅರಿಶಿನವಿಲ್ಲದೆ ಮತ್ತೊಮ್ಮೆ ಪರೀಕ್ಷೆ ಮಾಡಿದರಾಯಿತು, ಸಾವಿರಾರು ಹೃದಯಗಳು ಉಳಿದಾವು ಎಂದು ಒಂದೇ ಸಮನೆ ಮಾತಾಡಿದಳು. ಮುಕ್ತಾ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳು ಕಸಿದು ಕೊಟ್ಟ ಬಿಸಿಲು ಚಿಗವ್ವನ ತೋಳಿಗೆ ಇಳಿದೇ ಇರಲಿಲ್ಲ. ಒಂದು ವರ್ಷದ ಬೆಳಕನ್ನೆಲ್ಲ ಆ ಹಳದಿ ಕುಡಿದಿತ್ತು. ಊರು ಅಂಬವ್ವನಿಂದ ಅರಿಶಿನ ಕಿತ್ತುಕೊಂಡಿತ್ತು, ಅದರಿಂದಾಗಿಯೇ ಅವಳ ಬೋಳು ತೋಳಿಗೆ ಬಿಸಿಲು ನೇರ ಇಳಿಯುತ್ತಿತ್ತು. ಅದನ್ನೂ ಕಿತ್ತುಕೊಂಡವಳು ಮುಕ್ತಾ.

"ಒಂದ ತೊಡಕೈತ್ರಿ," ಎಂದು ಫರ್ಜಾನಾ ಒಂದೇ ಒಂದು ಗೆರೆಯನ್ನು ಗೋಡೆ ತುಂಬ ಹಿಗ್ಗಿಸಿದಳು. "ಇನ್ನೂರಾ ಹನ್ನೆರಡು. ವಿಧವಾ ಹೆಣ್ಣುಮಗಳು, ನಿಜದ ದೀಪ. ಮೊದಲ ಅರ್ಧ ವರ್ಷ ಡಿ ಹೆಂಗ ಏರೇತಿ ನೋಡ್ರಿ, ರಕ್ತನಾಳ ಹೆಂಗ ಮೆತ್ತಗಾಗೇತಿ. ಎಲ್ಲಾರಕಿಂತ ಛಲೋ. ಆಮ್ಯಾಲ ಒಮ್ಮೆಲೇ ಡಿ ಬಿತ್ತು, ರಕ್ತನಾಳ ಬಿರುಸಾತು, ಆಮ್ಯಾಲ ಹೃದಯಾಘಾತ. ದೀಪ ಕೆಟ್ಟಿರಬೇಕು. ದೀಪ ಕೆಟ್ಟವರನ್ನ ಲೆಕ್ಕದಿಂದ ತಗೀಬಹುದು. ನೀವು ಹೂಂ ಅಂದ್ರ ತಗದಬಿಡ್ತೀನಿ."

ಗೋಡೆಯ ಮೇಲೆ ಅಂಬವ್ವನ ಹೃದಯ ಏರಿ ಇಳಿದು ನಿಂತಿತ್ತು. ಒಬ್ಬರ ಗೆರೆಯಿಂದ ಏನೂ ಸಿದ್ಧವಾಗುವುದಿಲ್ಲ, ದೀಪ ಇದ್ದಿದ್ದರೂ ಅವಳ ಹೃದಯ ಸೋಲುತ್ತಿತ್ತೇನೋ. ಈ ಪಾಠವನ್ನು ಮುಕ್ತಾ ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಹೇಳಿದ್ದಳು. ಈಗ ತನಗೆ ಹೇಳಿಕೊಂಡಳು, ಒಳಗೆ ಯಾರೂ ಒಪ್ಪಲಿಲ್ಲ. ಹೂಂ ಎಂದರೆ ಆಯಿತು. ಕೆಲಸ, ಪಟ್ಟಿ, ಹೆಸರು, ಎಲ್ಲ ಉಳಿಯುತ್ತವೆ. ಮಗ್ಗ ಹೋದ ಅಂಬವ್ವ ಲೆಕ್ಕದಿಂದಲೂ ಹೋಗುತ್ತಾಳೆ.

"ದೀಪ ಕೆಟ್ಟಿಲ್ಲ ಫರ್ಜಾನಾ," ಎಂದಳು. "ದೀಪ ನಾ ತಗದೆ. ತಗದು ನಮ್ಮ ಚಿಗವ್ವಗ ಕಟ್ಟಿದೆ."

ನೂಲು ಹೊಳೆದದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಹಿಗ್ಗಿಸಿದ್ದ ಗೆರೆಯನ್ನು ಫರ್ಜಾನಾ ತಿರುಗಿ ಅದರ ಜಾಗಕ್ಕೆ ಇಳಿಸಿದಳು. ಅವಳ ಮುಖದಲ್ಲಿದ್ದ ಸಂಭ್ರಮವೆಲ್ಲ ಹೋಗಿತ್ತು.

"ಆ ತಾಯಿಗೆ ಹೇಳೀರೇನು?"

"ಇಲ್ಲ."

"ಮೊದಲ ಆಕಿಗೆ ಹೇಳ್ರಿ. ಕೇಂದ್ರದ ಸಮಿತಿಗೆ ಆಮ್ಯಾಲ," ಎಂದು ಫರ್ಜಾನಾ ಎದ್ದು ಹೋದಳು. ಎಂದಿನಂತೆ ಚಹಾ ಕುಡಿಯೋಣ ಬರ್ರಿ ಎಂದು ಕರೆಯಲಿಲ್ಲ.

ಮರುದಿನ ನಸುಕಿನ ಬಸ್ಸಿಗೆ ಮುಕ್ತಾ ಊರಿಗೆ ಬಂದಳು. ಚಿಗವ್ವನ ಬಾಗಿಲು ದಾಟಿ ನೇರ ಪಕ್ಕದ ಮನೆಗೆ ಹೋದಳು. ಅಂಬವ್ವ ಗೋಡೆಗೆ ಒರಗಿ ಕೂತಿದ್ದಳು. ಪಟ್ಟಿಗಳನ್ನು ಇನ್ನೂ ವಾಪಸ್ಸು ಪಡೆದಿರಲಿಲ್ಲವಾದ್ದರಿಂದ ತೋಳಿನಲ್ಲಿ ಹುಸಿ ದೀಪ ಇನ್ನೂ ಬೆಚ್ಚಗೆ ಉರಿಯುತ್ತಿತ್ತು. ಕಿಂಡಿಯಾಚೆ ದಾನವ್ವನ ಮಗ್ಗ ಲಟಪಟ ಎನ್ನುತ್ತಿತ್ತು.

"ಬಾ ಮಗಳ. ಇದೇನ, ಇಷ್ಟ ಸೊರಗೀದಿ?"

ಮುಕ್ತಾ ಅವಳ ಎದುರು ನೆಲದ ಮೇಲೆ ಕೂತಳು. ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. "ಅತ್ತಿ, ನಿನ್ನ ತೋಳಾಗ ಇರೂದು ಸುಳ್ಳು ದೀಪ. ಖರೇ ದೀಪ ನಿನ್ನದಿತ್ತು. ಹ್ವಾದ ವರ್ಷ ನಾ ಕದ್ದೆ. ಕದ್ದು ಚಿಗವ್ವಗ ಕೊಟ್ಟೆ. ನೀ ಚಾ ಮಾಡಾಕ ಒಳಗ ಹೋಗಿದ್ದಿ, ಆವಾಗ."

ಕಿಂಡಿಯಾಚೆ ಮಗ್ಗ ನಿಂತಿತು.

ಅಂಬವ್ವ ತೋಳಿನ ಪಟ್ಟಿಯನ್ನು ಮುಟ್ಟಿ ನೋಡಿಕೊಂಡಳು. ಸೀರೆ ಹೊದಿಸಿದ್ದ ಮಗ್ಗವನ್ನು ನೋಡಿದಳು. "ಅಂದ್ರ, ಅದು ಇದ್ದಿದ್ರ ನನಗ ಹಿಂಗಾಗ್ತಿರಲಿಲ್ಲೇನು?"

"ಗೊತ್ತಿಲ್ಲ ಅತ್ತಿ. ಆಗ್ತಿತ್ತೋ ಏನೋ. ಆಗ್ತಿರಲಿಲ್ಲೋ ಏನೋ. ಅದನ್ನ ಯಾರಿಗೂ ಹೇಳಾಕ ಬರಂಗಿಲ್ಲ."

"ನಿನಗೂ?"

"ನನಗೂ."

ಮುದುಕಿ ಬಯ್ಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ಹೊರಗೆ ದಬ್ಬುತ್ತಾಳೆ ಎಂದು ಮುಕ್ತಾ ಕಾಯುತ್ತಿದ್ದಳು. ಬಯ್ದರೆ ಸಾಕು ಎನ್ನಿಸಿತ್ತು. ಅಂಬವ್ವ ಕೇಳಿದ್ದು ಬೇರೆ.

"ದಾನವ್ವಗ ಅದು ಹತ್ತಿತೇನು?"

"ಇಲ್ಲ ಅತ್ತಿ. ಆಕಿ ತೋಳಿಗೆ ಅರಿಶಿನ ಹಚ್ಚಿದ್ದಳು. ಬೆಳಕೆಲ್ಲಾ ಅದ ಕುಡೀತು. ಆಕಿಗೆ ಒಂದ ಹನಿನೂ ಮುಟ್ಟಲಿಲ್ಲ."

ಅಂಬವ್ವ ಕಣ್ಣು ಮುಚ್ಚಿದಳು. ಆಮೇಲೆ ಮೆಲ್ಲಗೆ, ಮುಕ್ತಾಳಿಗಲ್ಲ, ಗೋಡೆಗೆ ಹೇಳುವಂತೆ ಹೇಳಿದಳು: "ಆಕಿಗೆ ಹತ್ತಿದ್ರ, ಹೋಗ್ಲಿ, ನಾನ ಕೊಟ್ಟೆ ಅನ್ಕೋತಿದ್ದೆ. ಕೇಳಿದ್ರ ಕೊಡ್ತಿದ್ದೆನಬೇ ನಾ. ಈ ಕಿಂಡ್ಯಾಗ ಏನ ಕೊಟ್ಟಿಲ್ಲ ಆಕಿಗೆ? ಈಗ ಏನಂತ ಅನ್ಕೊಳ್ಳಲಿ ಹೇಳು."

ಮುಕ್ತಾಳಿಗೆ ಅಳು ಬಂತು, ಇಲ್ಲಿ ಅಳುವ ಹಕ್ಕು ತನಗಿಲ್ಲವೆಂದು ಸೆರಗು ಕಚ್ಚಿ ಹಿಡಿದಳು. "ನಾ ಎಲ್ಲಾರ ಮುಂದ ಹೇಳ್ತೀನಿ ಅತ್ತಿ. ಬರದು ಕೊಡ್ತೀನಿ. ನನ್ನ ಕೆಲಸ ಹೋಗ್ತೈತಿ, ಹೋಗ್ಲಿ."

"ನಿನ್ನ ಕೆಲಸ ಹ್ವಾದ್ರ ನನ್ನ ಕೆಲಸ ಬರತೈತೇನು?"

ಅಷ್ಟರಲ್ಲಿ ಗೋಡೆಯಾಚೆ ನೀರಿನ ಸದ್ದಾಯಿತು. ಯಾರೋ ಕಲ್ಲಿನಿಂದ ಮೈ ಉಜ್ಜುವ ಸದ್ದು, ಮತ್ತೆ ನೀರು. ಆಮೇಲೆ ಕಿಂಡಿಯಿಂದ ದಾನವ್ವನ ಕೈ ಈಚೆ ಬಂತು. ಭುಜದವರೆಗೆ ಉಜ್ಜಿ ಉಜ್ಜಿ ಕೆಂಪಾಗಿತ್ತು, ಅಲ್ಲಲ್ಲಿ ತರಚಿಹೋಗಿತ್ತು. ಅರಿಶಿನದ ಸುಳಿವೇ ಇರಲಿಲ್ಲ. ನೀರು ತೊಟ್ಟಿಕ್ಕುವ ಬೆರಳುಗಳಲ್ಲಿ ಆಗಷ್ಟೇ ಬಿಚ್ಚಿದ ಪಟ್ಟಿ ಇತ್ತು. ದೀಪ ಆರುವ ಮುನ್ನ ಒಂದು ಕ್ಷಣ ಅಂಬವ್ವನ ಬಿಳಿ ಸೀರೆಯ ಸೆರಗು ನೀಲಿಯಾಗಿ ಹೊಳೆಯಿತು. ಆಚೆಯಿಂದ ಬಿಕ್ಕುವುದು ಕೇಳುತ್ತಿತ್ತು.

ಅಂಬವ್ವ ಆ ಕೈಯನ್ನೇ ನೋಡುತ್ತ ಕೂತಳು. ಅಂಬವ್ವ ಕೈ ಚಾಚಿ ಆ ಮಣಿಕಟ್ಟನ್ನು ಒಮ್ಮೆ ಮುಟ್ಟಿದಳು, ಪಟ್ಟಿಯನ್ನು ಮುಟ್ಟಲಿಲ್ಲ.

"ಮುತ್ತೈದಿ ಕೈ ಹಿಂಗ ಬರಿದ ಇರಬಾರದು ದಾನವ್ವಾ. ಒಳಗ ತಗೋ. ಹೋಗಿ ಹಚ್ಚಿಗೋ."

ಕೈ ಹೋಗಲಿಲ್ಲ. ಕಿಂಡಿಯಲ್ಲಿ ಹಾಗೇ ತೂಗುತ್ತಿತ್ತು. ಅಂಬವ್ವ ಅದರ ಕಡೆಯಿಂದ ಮುಖ ತಿರುಗಿಸಿದಳು.

ಮುಕ್ತಾ ಎದ್ದು ನಿಂತಳು. ಹೋಗಿಬಿಡಬೇಕು, ಈ ಕೋಣೆ ಬಿಟ್ಟು ಎಲ್ಲಿಗಾದರೂ ಹೋಗಿಬಿಡಬೇಕು ಎನ್ನಿಸಿತ್ತು. ಬಾಗಿಲ ಚಿಲಕಕ್ಕೆ ಕೈ ಹಾಕಿದಾಗ ಊರ ಮೇಲೆ ಒಂಬತ್ತರ ಸೈರನ್ ಕೂಗಿತು. ಬೀದಿಯುದ್ದಕ್ಕೂ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

"ಕುಂದ್ರು," ಎಂದಳು ಅಂಬವ್ವ, ಅವಳ ಕಡೆ ನೋಡದೆ. "ಇನ್ನ ಸಂಜಿತನಕ ಎಲ್ಲಿ ಹೋಗ್ತಿ?"

ಮುಕ್ತಾ ಚಿಲಕ ಬಿಟ್ಟು ಬಂದು ಕೂತಳು.